ಅತ್ತೆಯ ಮೂಗು, ಸ್ಕೂಟರಿನ ಮೂತಿ

ಸುತ್ತಲೂ ಕಾಫಿ ತೋಟ. ಕಣದಲ್ಲಿ ಕಾಫಿ, ಚೀಲದಲ್ಲಿ ಕಾಫಿ, ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೆ ಬರುವುದೂ ಕಾಫಿ. ಅಂಥ ಮನೆಯಲ್ಲಿ ಕೂತು ಅಂಗಡಿಯ ಪ್ಯಾಕೆಟ್ ಒಡೆದು ಕಾಫಿ ಕುಡಿಯುವವರನ್ನು ನೀವು ನೋಡಿದ್ದೀರಾ?

ನೋಡಿಲ್ಲವಾದರೆ ಮೊನ್ನೆ ಮೊನ್ನೆ ನಮ್ಮ ಮನೆಗೆ ಬರಬೇಕಿತ್ತು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ಮೂರು ಜನರೂ ಮುಖ ಹುಳ್ಳಗೆ ಮಾಡಿಕೊಂಡು ಕುಡಿಯುತ್ತಿದ್ದೆವು.  ಇದಕ್ಕೆಲ್ಲ ಕಾರಣ ಏನು ಎಂದು ಕೇಳಿದರೆ ನೀವು ನಗುತ್ತೀರಿ. ಕಾರಣ ನನ್ನ ಸ್ಕೂಟರ್.

ಈ ಅಂಕಣ ಓದುವವರಿಗೆ ನನ್ನ ಸ್ಕೂಟರ್ ಹೊಸದಲ್ಲ. ಹಳೆಯ ಮಾಡೆಲ್, ಬೂದು ಬಣ್ಣ, ಬಲಗಡೆಯ ಕನ್ನಡಿ ಸದಾ ಆಕಾಶ ನೋಡುತ್ತಿರುತ್ತದೆ. ಕೊಡಗಿನ ಸಿದ್ದಾಪುರದ ಮೆಡಿಕಲ್ ಶಾಪೊಂದರಲ್ಲಿ ನನ್ನ ಕೆಲಸ. ತಿತಿಮತಿ ಕಡೆಗೆ ಹೋಗುವ ರಸ್ತೆಯಲ್ಲಿ ಒಳಗೆ ತಿರುಗಿದರೆ ಸಿಗುವ ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ. ನಮ್ಮವರು ಆ ಎಸ್ಟೇಟಿನ ರೈಟರ್. (ಹೊರಗಿನವರಿಗೆ ಒಂದು ಮಾತು: ಇಲ್ಲಿ ರೈಟರ್ ಎಂದರೆ ಕತೆ ಬರೆಯುವವರಲ್ಲ, ಕೆಲಸದವರ ಹಾಜರಿ ಮತ್ತು ಅವರು ಕೊಯ್ದ ಕಾಫಿ ಹಣ್ಣಿನ ಪಿಕಿಂಗ್ ತೂಕ ಬರೆಯುವವರು. ವಾರಕ್ಕೊಮ್ಮೆ ಕೂತು ಬರೆಯುವ ನನ್ನನ್ನು ಮಾತ್ರ ಯಾರೂ ರೈಟರ್ ಎನ್ನುವುದಿಲ್ಲ.) ನಮ್ಮಿಬ್ಬರ ಜೊತೆ ಅತ್ತೆ. ಅವರು ಸೋಮವಾರಪೇಟೆ ಕಡೆಯವರು. ಮಾತು ನೇರ, ಕೈ ಚುರುಕು, ಮೂಗು ಇನ್ನೂ ಚುರುಕು.

ಆ ಮೂಗಿನದೇ ಈ ವಾರದ ಕತೆ.

ನಮ್ಮ ಮನೆಯ ಕಾಫಿ ಹುರಿಯುವುದು ಅತ್ತೆಯ ಡಿಪಾರ್ಟ್‌ಮೆಂಟ್. ಹಿಂದಿನ ಚಾವಡಿಯಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಕೈಯಲ್ಲಿ ತಿರುಗಿಸುವ ಕಬ್ಬಿಣದ ಉರುಳೆ ಡಬ್ಬಿ, ಪಕ್ಕದಲ್ಲೊಂದು ಮಣೆ. ಮಣೆಯ ಮೇಲೆ ಅತ್ತೆ ಕೂತರೆಂದರೆ ಅವರನ್ನು ಮಾತನಾಡಿಸುವಂತಿಲ್ಲ. ಅವರು ಗಡಿಯಾರ ನೋಡುವುದಿಲ್ಲ. ಡಬ್ಬಿ ತೆರೆದು ಬಣ್ಣವನ್ನೂ ನೋಡುವುದಿಲ್ಲ. ಕತ್ತು ಒಂಚೂರು ಓರೆ ಮಾಡಿ ಮೂಸುತ್ತಾರೆ, ಅಷ್ಟೇ. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಕಡಲೆ ಹುರಿದ ವಾಸನೆ, ಆಮೇಲೆ ಇನ್ನೊಂದು. ಆ ಇನ್ನೊಂದು ಯಾವುದು ಎಂದು ಕೇಳಿದರೆ, “ಅದುನ್ನ ಹೇಳಕ್ಕಾಗಲ್ಲ ಕಣೆ. ಮೂಗು ಹೇಳ್ದಾಗ ಇಳುಸ್ಬೇಕು,” ಎನ್ನುತ್ತಾರೆ.

ಮದುವೆಯಾಗಿ ಬಂದಾಗಿನಿಂದ ನಾನು ಕುಡಿದಿರುವುದು ಆ ಮೂಗು ಹೇಳಿದ ಕಾಫಿ. ಅದು ಒಂದು ದಿನವೂ ಸೀದಿದ್ದಿಲ್ಲ.

ಹೋದ ಮಳೆಗಾಲದಲ್ಲಿ ಅತ್ತೆಗೆ ಜೋರು ಜ್ವರ ಬಂತು. ಜ್ವರ ಬಿಟ್ಟ ಮೇಲೆ ಸ್ವಲ್ಪ ದಿನ ವಾಸನೆಯೇ ಗೊತ್ತಾಗುತ್ತಿರಲಿಲ್ಲ. ಒಗ್ಗರಣೆ ಸೀದರೂ ಗೊತ್ತಿಲ್ಲ, ಹಾಲು ಉಕ್ಕಿದರೂ ಗೊತ್ತಿಲ್ಲ. ಪಾಪ, ತುಂಬಾ ಕಂಗಾಲಾಗಿದ್ದರು. ನಿಧಾನಕ್ಕೆ ಎಲ್ಲ ವಾಪಸ್ ಬಂತು. ಆದರೆ ಒಮ್ಮೆ ಕೆಟ್ಟ ಮೂಗು ಎಂಬ ಹಣೆಪಟ್ಟಿ ಮಾತ್ರ ವಾಪಸ್ ಹೋಗಲಿಲ್ಲ. ಸಾರಿಗೆ ಇಂಗು ಜಾಸ್ತಿಯಾಯಿತು ಎಂದು ಅವರು ಹೇಳಿದರೆ, ನಮ್ಮವರು, “ಅವ್ವಾ, ನಿನ್ ಮೂಗು ಇನ್ನೂ ಸರ್ವಿಸಿಂಗ್‌ನಲ್ಲಿ ಅದೆ,” ಎಂದು ರೇಗಿಸುತ್ತಿದ್ದರು. ಅತ್ತೆ ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಈಗ ಪಿಕಿಂಗ್ ಸೀಸನ್. ಒಂದು ದಿನ ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕಲು ಹೊರಗೆ ಹೋದ ಅತ್ತೆ, ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಹಾಗೇ ಒಳಗೆ ಬಂದರು.

“ಪೆಟ್ರೋಲ್ ವಾಸ್ನೆ ಬತ್ತಾ ಅದೆ. ನಿನ್ ಗಾಡಿ ಸೋರ್ತಾ ಅದೇನೋ ನೋಡೆ.”

ನಾನು ಹೋಗಿ ನೋಡಿದೆ. ನೆಲ ಒಣಗಿತ್ತು. ಮೂಸಿದೆ. ಏನೂ ಇಲ್ಲ. (ಪಿಕಿಂಗ್ ಸೀಸನ್ನಿನಲ್ಲಿ ನನ್ನ ಮೂಗು ಇದ್ದೂ ಇಲ್ಲದಂತೆ. ಧೂಳಿಗೆ ಕಟ್ಟಿಕೊಂಡರೆ ಮುಂಗಾರಿಗೇ ಬಿಡುವುದು.) ನಮ್ಮವರೂ ಬಂದು ಮೂಸಿದರು. ಅವರಿಗೆ ಬಂದದ್ದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಳಗಿನ ಪಲ್ಪರ್ ಮನೆಯ ಕೊಳೆತ ಸಿಪ್ಪೆಯ ವಾಸನೆ. ಈ ಕಾಲದಲ್ಲಿ ಇಡೀ ಎಸ್ಟೇಟಿಗೆ ಅದೊಂದೇ ವಾಸನೆ. ಅದರ ನಡುವೆ ಪೆಟ್ರೋಲ್ ಹುಡುಕುವುದೆಂದರೆ ಮೀನು ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಹುಡುಕಿದ ಹಾಗೆ.

“ಏನೂ ಇಲ್ಲ ಅವ್ವಾ. ಸುಮ್ನೆ ಒಲೆ ಹತ್ಸು,” ಎಂದು ಅವರು ಹೋದರು.

ಮರುದಿನವೂ ಅತ್ತೆ ಅದನ್ನೇ ಹೇಳಿದರು. ಅದರ ಮರುದಿನವೂ ಹೇಳಿದರು. ನನಗೂ ಒಂದು ಅನುಮಾನ ಇತ್ತು. ಪೆಟ್ರೋಲ್ ಮುಳ್ಳು ಮೊದಲಿಗಿಂತ ಬೇಗ ಕೆಳಗಿಳಿಯುತ್ತಿತ್ತು. ಅದನ್ನು ಹೇಳಿದರೆ ನಮ್ಮವರ ಹತ್ತಿರ ಉತ್ತರ ರೆಡಿ: “ನೀನು ಬ್ರೇಕ್ ಹಿಡ್ಕೊಂಡೇ ಆಕ್ಸಿಲರೇಟರ್ ಕೊಡ್ತೀಯ.” ಗಾಡಿಯಲ್ಲಿ ಏನೇ ಕೆಟ್ಟರೂ ಅದು ಹೆಂಗಸು ಓಡಿಸಿದ್ದರಿಂದಲೇ ಕೆಟ್ಟಿರುತ್ತದೆ ಎಂಬ ವಿಜ್ಞಾನವನ್ನು ಇವರಿಗೆ ಯಾವ ಸ್ಕೂಲಿನಲ್ಲಿ ಕಲಿಸುತ್ತಾರೋ ನನಗೆ ಗೊತ್ತಿಲ್ಲ.

ಕೊನೆಗೆ ಸಂತೆಯ ದಿನ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಸಿದ್ದಾಪುರಕ್ಕೆ ಹೋದೆ. ತರಕಾರಿಗೆ ಮುಂಚೆ ಶಮೀರನ ವರ್ಕ್‌ಶಾಪ್. ಶಮೀರ್ ನನ್ನ ಸ್ಕೂಟರಿನ ಫ್ಯಾಮಿಲಿ ಡಾಕ್ಟರ್. ಮನೆಯಲ್ಲಿ ಮಲಯಾಳಂ, ಅಂಗಡಿಯಲ್ಲಿ ಐದಾರು ಭಾಷೆ, ಸ್ಪ್ಯಾನರ್ ಕೈಜಾರಿದಾಗ ಮತ್ತೆ ಮಲಯಾಳಂ. ಅವನು ಗಾಡಿಯನ್ನು ನಡು ಅಂಗಡಿಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಸೀಟಿನ ಕೆಳಗಿನ ಡಬ್ಬ ಬಿಚ್ಚಿ, ಟಾರ್ಚ್ ಹಿಡಿದು ಪೈಪನ್ನೆಲ್ಲ ಸವರಿ ನೋಡಿದ. ಕಾರ್ಬೊರೇಟರ್ ಕೆಳಗೆ ಹಳೆಯ ನ್ಯೂಸ್‌ಪೇಪರ್ ಹಾಸಿದ. ನಾವು ಸಂತೆ ಮುಗಿಸಿ ಬಂದೆವು. ಪೇಪರ್ ಹಾಗೇ ಒಣಗಿಕೊಂಡಿತ್ತು.

“ಒಂದು ಡ್ರಾಪ್ ಇಲ್ಲ ಅಕ್ಕ. ಪೈಪ್ ಎಲ್ಲ ಗುಡ್ ಕಂಡೀಶನ್. ಬೇಕಾದ್ರೆ ಅಮ್ಮನೇ ನೋಡ್ಲಿ,” ಎಂದ.

ಅತ್ತೆ ಸಂತೆ ಚೀಲ ಕೆಳಗಿಟ್ಟು, ಸೊಂಟ ಹಿಡಿದುಕೊಂಡು ಬಗ್ಗಿದರು. ಮೂಸಿದರು. ಇನ್ನೊಮ್ಮೆ ಮೂಸಿದರು.

“ಇಲ್ಲ ಕಣಪ್ಪ. ಇಲ್ಲಿ ಬರ್ತಾ ಇಲ್ಲ,” ಎಂದು ಮೆತ್ತಗೆ ಹೇಳಿದರು.

ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಮಾತೇ ಇಲ್ಲ. ಸಾಮಾನ್ಯವಾಗಿ ಹೀಗಿರುವುದಿಲ್ಲ. ದಾರಿಯುದ್ದಕ್ಕೂ ಯಾರ ತೋಟದಲ್ಲಿ ಮೆಣಸಿನ ಬಳ್ಳಿ ಹಳದಿಯಾಗಿದೆ, ಯಾರ ಮನೆಯಲ್ಲಿ ಹಂದಿ ಕರಿ ಬೇಯುತ್ತಿದೆ (ಲಿಂಗಾಯತರ ಮನೆಯ ಹಿರಿಯರು, ಆದರೂ ಮೂಗು ಎಲ್ಲವನ್ನೂ ಬಲ್ಲದು) ಎಂದು ರನ್ನಿಂಗ್ ಕಾಮೆಂಟರಿ ಇರುತ್ತದೆ. 

ಮರುದಿನ ಬೆಳಿಗ್ಗೆ ಅವರು ಪೆಟ್ರೋಲ್ ವಾಸನೆ ಬಂತು ಎಂದು ಹೇಳಲಿಲ್ಲ. ಕಾಫಿ ಡಬ್ಬ ಖಾಲಿಯಾದಾಗ ಬೀಜ ಹುರಿಯಲೂ ಇಲ್ಲ. ಉರುಳೆ ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದು ಅಟ್ಟದ ಮೇಲೆ ಇಟ್ಟುಬಿಟ್ಟಿದ್ದರು. “ಸಿದ್ದಾಪುರದಿಂದ ಬರೋವಾಗ ಒಂದು ಪ್ಯಾಕೆಟ್ ತಂದ್ಬುಡು,” ಎಂದರು.

ಯಾಕತ್ತೆ ಎಂದೆ.

“ಪ್ಯಾಟೇಲಿ ಇಲ್ದಿರೋ ವಾಸ್ನೆ ಮನೇಲಿ ಮಾತ್ರ ಬರುತ್ತೆ ಅಂದ್ರೆ ಏನರ್ಥ? ಮೂಗ್ ಕೆಟ್ಟದೆ ಅಂತ ತಾನೆ? ಕೆಟ್ಟ ಮೂಗಿಟ್ಕೊಂಡು ಹುರುದ್ರೆ ಬೀಜ ಹಾಳು.”

ನನಗೆ ನಿಜಕ್ಕೂ ಬೇಜಾರಾಯಿತು. ವಯಸ್ಸಾದವರ ಮಂಡಿ ನೋವಿಗೆ ಎಣ್ಣೆ ಇದೆ, ಕಣ್ಣಿಗೆ ಕನ್ನಡಕ ಇದೆ. ನನ್ನ ಮೂಗನ್ನು ನಾನೇ ನಂಬಲಾರೆ ಎಂದು ಕೂತವರಿಗೆ ನಮ್ಮ ಮೆಡಿಕಲ್ ಶಾಪಿನ ಯಾವ ಶೆಲ್ಫಿನಲ್ಲೂ ಏನೂ ಇಲ್ಲ.

ಪ್ಯಾಕೆಟ್ ಬಂತು. ಅದರಲ್ಲಿ ಚಿಕೋರಿ ಎಷ್ಟು, ಕಾಫಿ ಎಷ್ಟು ಎಂಬುದು ದೇವರಿಗೇ ಗೊತ್ತು. ನಮ್ಮವರು ಮೊದಲ ಗುಟುಕು ಕುಡಿದು, “ಪರ್ವಾಗಿಲ್ಲ, ಚೆನ್ನಾಗೇ ಅದೆ,” ಎಂದರು. ಹಾಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು. ಮಗನ ಮುಖ ನೋಡಿಯೂ ಅತ್ತೆ ಅಟ್ಟದಿಂದ ಡಬ್ಬಿ ಇಳಿಸಲಿಲ್ಲ.

ಹೀಗೇ ನಡೆಯುತ್ತಿತ್ತೋ ಏನೋ. ನನ್ನ ವಾರದ ರಜೆ ಬಂತು ನೋಡಿ, ಆವತ್ತು ಬೆಳಿಗ್ಗೆ ಮಸ್ಟರ್, ಅಂದರೆ ಕೆಲಸದವರ ಹಾಜರಿ, ಮುಗಿಸಿ ಸ್ನಾನಕ್ಕೆಂದು ಬಂದ ನಮ್ಮವರು ಬಚ್ಚಲಿನಿಂದ ಕೂಗಿದರು. “ಅವ್ವಾ, ನೀರೇ ಕಾದಿಲ್ವಲ್ಲ!”

ನಾನು ಹೊರಗೆ ಹೋದೆ. ಒಲೆಯಲ್ಲಿ ಸೌದೆ ಜೋಡಿಸಿಟ್ಟಿತ್ತು. ಬೆಂಕಿ ಇರಲಿಲ್ಲ. ಅತ್ತೆ ದೂರದಲ್ಲಿ ಕಟ್ಟೆಯ ಮೇಲೆ ಕೂತಿದ್ದರು, ಕೈಯಲ್ಲಿ ಕಡ್ಡಿಪೆಟ್ಟಿಗೆ.

“ನೀನು ಗಾಡಿ ತಗೊಂಡು ಹೋದ್ಮೇಲೆ ಹತ್ಸೋಣ ಅಂತ ಇದ್ದೆ. ಇವತ್ತು ನಿಂಗೆ ರಜ ಅನ್ನೋದು ಮರ್ತೇಬಿಟ್ಟೆ,” ಎಂದರು.

ಅಂದರೆ? ದಿನಾ ಹೀಗೇ ಮಾಡುತ್ತಿದ್ದರು! ನಾನು ಸ್ಕೂಟರ್ ತೆಗೆದುಕೊಂಡು ಗೇಟು ದಾಟಿದ ಮೇಲೆಯೇ ಒಲೆ ಹಚ್ಚುತ್ತಿದ್ದದ್ದು. ಸ್ಕೂಟರ್ ನಿಲ್ಲುವುದು ಬಚ್ಚಲ ಒಲೆಯ ಪಕ್ಕದ ಗೋಡೆಗೇ.

“ಮೂಗು ಕೆಟ್ಟದೆ ಅಂದ್ರಲ್ಲ ಅತ್ತೆ?”

“ಕೆಟ್ಟಿರ್ಬೋದು ಕಣೆ. ಆದ್ರೂ ಕಡ್ಡಿ ಗೀರಕ್ಕೆ ಕೈ ಬರಲ್ಲ.”

ನಾನು ಆ ಕ್ಷಣಕ್ಕೆ ಪಾರ್ಟಿ ಬದಲಾಯಿಸಿದೆ. ಜಗತ್ತೆಲ್ಲ ನಿನ್ನ ಮೂಗು ಸುಳ್ಳು ಎಂದರೂ, ತಾನೇ ಹೌದು ಎಂದು ಒಪ್ಪಿಕೊಂಡರೂ, ಕೈ ಒಪ್ಪುತ್ತಿಲ್ಲ. ಆ ಕೈಯನ್ನು ನಂಬದೆ ಇನ್ಯಾರನ್ನು ನಂಬಲಿ?

ಅಡುಗೆಮನೆಯಲ್ಲಿ ಒಂದು ಹಳೆಯ ಪಡ್ಡು ಕಾವಲಿ ಇತ್ತು. ಕೋಟಿಂಗ್ ಎದ್ದುಹೋಗಿ, ಹಾಕಿದ ಪಡ್ಡು ಏಳುವುದಿಲ್ಲ ಎಂದು ಹಟ ಹಿಡಿಯುತ್ತಿದ್ದ ಕಾವಲಿ. ಅದನ್ನು ತಂದು ಸ್ಕೂಟರಿನ ಇಂಜಿನ್ ಕೆಳಗೆ ಇಟ್ಟೆ. ನೆಲ ಇಳಿಜಾರಾದ್ದರಿಂದ ಒಂದು ಕಡೆಗೆ ಚಿಕ್ಕ ಕಲ್ಲು ಕೊಟ್ಟು ಮಟ್ಟ ಮಾಡಿದೆ. ತಟ್ಟೆ ಇಟ್ಟಿದ್ದರೆ ಸೋರಿದೆಯೋ ಇಲ್ಲವೋ ಎಂದಷ್ಟೇ ಗೊತ್ತಾಗುತ್ತಿತ್ತು. ಕಾವಲಿಯಲ್ಲಿ ಇಷ್ಟೊಂದು ಗುಳಿಗಳಿವೆಯಲ್ಲ, ಯಾವ ಗುಳಿ ತುಂಬುತ್ತದೋ ಅದರ ನೇರ ಮೇಲೆ ರೋಗ. (ಹೊಗಳಬೇಡಿ. ಆ ಹೊತ್ತಿಗೆ ಕೈಗೆ ಸಿಕ್ಕಿದ್ದು ಅದೇ.)

ಅವತ್ತು ಒಲೆ ಹಚ್ಚಲಿಲ್ಲ. ನಮ್ಮವರು ತಣ್ಣೀರಿನಲ್ಲಿ ಸ್ನಾನ ಮಾಡಿದರು. ಹೇಗೆ ಮಾಡಿದರು ಎನ್ನುವುದು ಕೆಲಸದವರ ಮನೆಗಳ ಲೈನಿನಲ್ಲಿ ಕೊನೆಯ ಮನೆಯವರಿಗೂ ಕೇಳಿಸಿತು.

ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಬಗ್ಗಿ ನೋಡಿದರೆ, ಅಂಚಿನ ಒಂದು ಗುಳಿಯಲ್ಲಿ ಏನೋ ಮಿನುಗುತ್ತಿತ್ತು. ಉಳಿದವೆಲ್ಲ ಒಣಗಿದ್ದವು. ನಮ್ಮವರನ್ನು ಕರೆದೆ. ಬಂದವರು, “ಪಾತ್ರೆ ತೊಳೆದ ನೀರು ಹಾರಿರ್ಬೇಕು,” ಎಂದರು. ಅತ್ತೆ ಗುಳಿಗೆ ಬೆರಳು ಅದ್ದಿ ಮಗನ ಅಂಗೈಗೆ ಒರೆಸಿದರು. ಅಂಗೈ ತಣ್ಣಗಾಯಿತು, ಹಾಗೇ ನೋಡುನೋಡುತ್ತಿದ್ದಂತೆ ಆರಿಹೋಯಿತು. ಪಾತ್ರೆ ತೊಳೆದ ನೀರು ಹಾಗೆ ಮಾಯವಾಗುವುದಿಲ್ಲ. ನಮ್ಮವರು ಅಂಗೈಯನ್ನು ಮೂಗಿನ ಹತ್ತಿರ ತಂದು, ತಟಕ್ಕನೆ ಹಿಂದಕ್ಕೆ ಎಳೆದುಕೊಂಡರು.

ಇಷ್ಟು ದಿನ ನೆಲ ಯಾಕೆ ಒಣಗಿರುತ್ತಿತ್ತು ಎನ್ನುವುದೂ ಈಗ ತಿಳಿಯಿತು. ಮಳೆಗಾಲದಲ್ಲಿ ಕೆಸರಾಗದಿರಲಿ ಎಂದು ಅಲ್ಲೆಲ್ಲ ಕಾಫಿ ಹೊಟ್ಟು ಹರಡಿದ್ದೆವು. ಬಿದ್ದ ಹನಿಯನ್ನೆಲ್ಲ ಆ ಹೊಟ್ಟು ಕುಡಿದುಬಿಡುತ್ತಿತ್ತು. ಅಂದರೆ ಪೆಟ್ರೋಲ್ ಕುಡಿದ ಹೊಟ್ಟು, ಅದರ ಪಕ್ಕದಲ್ಲೇ ಬೆಂಕಿ. 

ನಮ್ಮವರು ಸೋಲು ಒಪ್ಪುವವರಲ್ಲ. “ಹಂಗಾರೆ ಇವತ್ತೇ ಶುರುವಾಗಿರ್ಬೇಕು. ಅವತ್ತು ಶಮೀರ್ ನೋಡ್ದಾಗ ಇರ್ಲಿಲ್ವಲ್ಲ,” ಎಂದರು.

ನನಗೆ ಸಿಟ್ಟು ಬಂತು. ಆದರೆ ಅತ್ತೆಯ ಮುಖ ನೋಡಿದರೆ ಅವರಿಗೂ ಅದೇ ಪ್ರಶ್ನೆ. “ಅದೇ ಕಣೆ ನಂಗೂ ತಿಳೀತಿಲ್ಲ. ಅಲ್ಲಿ ಯಾಕಿರ್ಲಿಲ್ಲ? ನಾನೇ ಮೂಸಿ ನೋಡಿದ್ನಲ್ಲ?” ಎಂದರು. ಪೆಟ್ರೋಲ್ ಸೋರುತ್ತಿದೆ ಎನ್ನುವುದು ಸಾಬೀತಾಗಿತ್ತು. ಮೂಗು ಸರಿ ಇದೆ ಎನ್ನುವುದು ಸಾಬೀತಾಗಿರಲಿಲ್ಲ.

ಶಮೀರನಿಗೆ ವಿಡಿಯೋ ಕಾಲ್ ಮಾಡಿದೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಬಚ್ಚಲ ಮೂಲೆಯಲ್ಲಿ ಮಾತ್ರ. ಪುಣ್ಯಕ್ಕೆ ಸ್ಕೂಟರ್ ಇದ್ದದ್ದೂ ಅಲ್ಲೇ.

“ಅಕ್ಕ, ಫೋನ್ ನೇರ ಹಿಡೀರಿ. ಸೊಟ್ಟ ಕಾಣ್ತಾ ಉಂಟು,” ಎಂದ.

“ನೇರಾನೇ ಹಿಡಿದಿದ್ದೀನಿ ಶಮೀರ್.”

“ಇಲ್ಲ ಅಕ್ಕ, ಗಾಡಿ ಫುಲ್ ಸೊಟ್ಟ.” ಸ್ಕ್ರೀನಿನಲ್ಲಿ ಅವನ ಮುಖ ಅಲ್ಲಾಡದೆ ನಿಂತಿತು. ನೆಟ್‌ವರ್ಕ್ ಹೋಯಿತು ಎಂದುಕೊಂಡೆ. ಆಮೇಲೆ ಮಲಯಾಳಂನಲ್ಲಿ ದೇವರನ್ನು ಕೂಗುತ್ತಾ ಅವನ ದನಿ ಜೋರಾಗಿ ಬಂತು. “ಪಡಚ್ಚೋನೇ! ಹಿಂದಿನ ಗೋಡೆ ನೇರ ಉಂಟಲ್ಲ! ಹಾಗಾದ್ರೆ ಸೊಟ್ಟ ಇರೋದು ಫೋನಲ್ಲ, ಗಾಡಿ! ಅಕ್ಕ, ನೀವು ಯಾವಾಗ್ಲೂ ಹೀಗೇ ನಿಲ್ಸೋದಾ? ಮೂತಿ ಕೆಳಗೆ ಮಾಡಿ?”

ಯಾವಾಗಲೂ ಹೀಗೇ. ಇಲ್ಲಿ ನಾನು ಹೊರಗಿನ ಓದುಗರಿಗೆ ಒಂದು ವಿಷಯ ಹೇಳಬೇಕು.

ನಮ್ಮ ಕಡೆ ಕ್ವಾರ್ಟರ್ಸಿಗೆ ಬನ್ನಿ, ಲೈನಿಗೆ ಬನ್ನಿ, ಎಲ್ಲರ ಗಾಡಿಯ ಮೂತಿಯೂ ಇಳಿಜಾರಿನ ಕಡೆಗೇ. ಯಾಕೆ? ಆನೆಗೆ. ಆನೆ ಅಂಗಳಕ್ಕೆ ಬಂದರೆ ಗಾಡಿ ತಿರುಗಿಸುತ್ತಾ ಕೂರಲು ಆಗುತ್ತದೆಯೇ? ಸ್ಟಾರ್ಟ್ ಮಾಡಿ ಸದ್ದು ಎಬ್ಬಿಸಲು ಆಗುತ್ತದೆಯೇ? ಸುಮ್ಮನೆ ಹತ್ತಿ ಕೂತು ಬ್ರೇಕ್ ಬಿಟ್ಟರೆ ಗೇಟಿನ ತನಕ ಉರುಳಿಕೊಂಡು ಹೋಗಬಹುದು. ಇದು ಇಲ್ಲಿಯ ಅಲಿಖಿತ ಕಾನೂನು. ಹೊಸದಾಗಿ ಗಾಡಿ ತಂದವರಿಗೆ ಮೊದಲು ಹೇಳಿಕೊಡುವುದೇ ಇದನ್ನು.

ಗಾಡಿ ತಾನಾಗಿ ಉರುಳಿ ಹೋಗಬಾರದಲ್ಲ? ಅದಕ್ಕೆ ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಡುತ್ತೇವೆ. ಅಂದರೆ ಆನೆ ಬಂದಾಗ ಮೊದಲು ಬಗ್ಗಿ ಕಲ್ಲು ತೆಗೆಯಬೇಕು. ಇದನ್ನು ಯಾರೂ ಯೋಚಿಸಿದಂತಿಲ್ಲ. ಯೋಚಿಸುವ ಅಗತ್ಯವೂ ಬಂದಿಲ್ಲ. ಏಕೆಂದರೆ ಆನೆ ಬಂದಾಗ ನನಗೆ ತಿಳಿದ ಮಟ್ಟಿಗೆ ಯಾರೂ ಸ್ಕೂಟರ್ ಕಡೆಗೆ ಓಡಿಲ್ಲ. ಎಲ್ಲರೂ ಓಡಿರುವುದು ಮನೆಯೊಳಗೆ.

ಶಮೀರ್ ಸಂಜೆ ಆನೆ ಓಡಾಡುವ ಹೊತ್ತಿಗೆ ಮುಂಚೆಯೇ ಬಂದುಬಿಟ್ಟ, ಡಿಕ್ಕಿಯಲ್ಲಿ ಸಾಮಾನು ತುಂಬಿಕೊಂಡು. ಬಂದವನೇ ತನ್ನ ಗಾಡಿಯನ್ನು ತಿರುಗಿಸಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ. (ಅವನೂ ಈ ಊರಿನವನೇ ತಾನೆ!) ಒಲೆಯಲ್ಲಿ ಕೆಂಡವೇನಾದರೂ ಇದೆಯೇ ಎಂದು ಕೇಳಿದ. “ಬೆಳಗ್ಗಿಂದ ಬೆಂಕಿನೇ ಹಾಕಿಲ್ಲ ಕಣಪ್ಪ,” ಎಂದರು ಅತ್ತೆ. ಹೊಟ್ಟನ್ನೆಲ್ಲ ಗುದ್ದಲಿಯಲ್ಲಿ ಎಳೆದು ದೂರ ಹಾಕಿಸಿದ.

ಮೊದಲು ಗಾಡಿಯನ್ನು ಹಾಗೇ ಬಿಟ್ಟು ನೋಡಿದೆವು. ಕಾರ್ಬೊರೇಟರ್ ಕೆಳಗಿನ ಸಣ್ಣ ಪೈಪಿನ ತುದಿಯಲ್ಲಿ ಒಂದು ಹನಿ ಮೂಡಿತು, ದಪ್ಪಗಾಯಿತು, ಕಾವಲಿಯ ಅದೇ ಗುಳಿಗೆ ಬಿತ್ತು. ಆಮೇಲೆ ಶಮೀರ್ ಗಾಡಿಯನ್ನು ಬಚ್ಚಲ ಮುಂದಿನ ಸಿಮೆಂಟ್ ನೆಲಕ್ಕೆ ತಂದು ಮಟ್ಟವಾಗಿ ನಿಲ್ಲಿಸಿದ. ಕಾದೆವು. ಹನಿ ನಿಂತಿತು. ಮತ್ತೆ ಇಳಿಜಾರಿಗೆ ಇಳಿಸಿದ. ಮತ್ತೆ ಹನಿ.

“ನೋಡಿ ಅಮ್ಮ,” ಎಂದು ಅವನು ಅತ್ತೆಗೇ ವಿವರಿಸಿದ. “ನೀರಿನ ಟ್ಯಾಂಕಿಯಲ್ಲಿ ಬಾಲ್ ಇರ್ತದಲ್ಲ? ನೀರು ತುಂಬಿದ್ರೆ ಮೇಲೆ ತೇಲಿ ಪೈಪ್ ಬಂದ್ ಮಾಡೋದು? ಇದರಲ್ಲೂ ಹಾಗೇ ಒಂದು ಉಂಟು. ಮಟ್ಟ ನಿಂತ್ರೆ ಸರಿ ಬಂದ್ ಮಾಡ್ತದೆ. ಗಾಡಿ ಮೂತಿ ಕೆಳಗೆ ಮಾಡಿದ್ರೆ ಅದೂ ವಾಲ್ತದೆ, ಸರಿ ಮುಚ್ಚಲ್ಲ. ಅದ್ರ ಮುಂದೆ ಇನ್ನೊಂದು ಬಂದ್ ಮಾಡೋ ಸಾಮಾನು ಉಂಟು, ಇಂಜಿನ್ ಆಫ್ ಆದ ಕೂಡ್ಲೆ ಟ್ಯಾಂಕಿಂದ ಬರೋ ಪೆಟ್ರೋಲನ್ನೇ ನಿಲ್ಸೋದು. ಅದು ಚೆನ್ನಾಗಿದ್ರೆ ಗಾಡಿ ತಲೆಕೆಳಗೆ ನಿಂತ್ರೂ ಇಷ್ಟು ಸೋರಲ್ಲ. ನಿಮ್ದು ಅದೂ ಹಳೇದಾಗಿ ಹೋಗಿರ್ಬೇಕು.”

ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಅವರು ಕಾರ್ಬೊರೇಟರ್ ನೋಡುತ್ತಿರಲಿಲ್ಲ. ಏನೋ ಲೆಕ್ಕ ಹಾಕುತ್ತಿದ್ದರು.

“ಹಂಗಾರೆ ಅವತ್ತು ನಿನ್ ಅಂಗಡೀಲಿ ಸೋರ್ತಾ ಇರ್ಲಿಲ್ಲ?”

“ಇಲ್ಲ ಅಮ್ಮ. ಅಲ್ಲಿ ನೆಲ ಮಟ್ಟ ಉಂಟಲ್ಲ.”

“ಅಲ್ಲಿ ಇರ್ಲಿಲ್ಲ. ನಂಗೆ ವಾಸ್ನೆ ಬರ್ಲಿಲ್ಲ. ಇಲ್ಲಿ ಇತ್ತು. ಬಂತು.”

“ಎರಡು ಸಲಾನೂ ಕರೆಕ್ಟ್ ಅಮ್ಮ! ಮಿಸ್ಟೇಕ್ ನಂದು. ಗಾಡಿ ಎಲ್ಲಿ ನಿಲ್ಸ್ತೀರಿ ಅಂತ ನಾನು ಕೇಳ್ಬೇಕಿತ್ತು,” ಎಂದು ಶಮೀರ್ ಜೋರಾಗಿ ನಕ್ಕ.

ಅತ್ತೆ ನಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡರು, ಅಷ್ಟೇ.  ಇಷ್ಟು ದಿನ ಅವರನ್ನು ಕಾಡಿದ್ದು ಪೆಟ್ರೋಲ್ ವಾಸನೆಯಲ್ಲ, ವರ್ಕ್‌ಶಾಪಿನಲ್ಲಿ ಬಾರದೇ ಹೋದ ವಾಸನೆ. ಅಲ್ಲಿ ಏನೂ ಇಲ್ಲ ಎಂದದ್ದೂ ಅದೇ ಮೂಗಿನ ಸರಿಯಾದ ತೀರ್ಪು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಶಮೀರ್ ಕೆಲಸ ಶುರು ಮಾಡಿದ. ಗಾಡಿಯನ್ನು ಒಲೆಯಿಂದ ದೂರ, ಮಾವಿನ ಮರದ ಕೆಳಗಿನ ಮಟ್ಟ ಜಾಗಕ್ಕೆ ತಳ್ಳಿಕೊಂಡು ಹೋಗಿ, ಪೆಟ್ರೋಲನ್ನು ಕ್ಯಾನಿಗೆ ಬಸಿದ. ಕಾರ್ಬೊರೇಟರ್ ಬಿಚ್ಚಿ ಒಳಗೆ ಪೆಟ್ರೋಲ್ ದಾರಿ ಮುಚ್ಚುವ ಪುಟ್ಟ ನೀಡಲ್ ತೋರಿಸಿದ. ತುದಿಯ ರಬ್ಬರಿನಲ್ಲಿ ಸುತ್ತಲೂ ಉಗುರು ಊರಿದಂಥ ಗೆರೆ ಬಿದ್ದಿತ್ತು. ಅವನು ಹೇಳಿದ ಆ ಇನ್ನೊಂದು ಸಾಮಾನು, ಟ್ಯಾಂಕಿನ ಕೆಳಗಿನ ಫ್ಯೂಯೆಲ್ ಕಾಕ್, ತೆಗೆದ. ಅದರೊಳಗಿನ ರಬ್ಬರ್ ಪೊರೆ ಒಣಗಿದ ಹಪ್ಪಳದಂತೆ ಗಡುಸಾಗಿತ್ತು. ಎರಡನ್ನೂ ಹೊಸದು ಹಾಕಿದ. ಒಳಗೆ ಕೂತಿದ್ದ ಕಸ ತೊಳೆದ. ಪೈಪಿನ ಕ್ಲಿಪ್ ಬಿಗಿ ಮಾಡಿದ. ಆಮೇಲೆ ಗಾಡಿಯನ್ನು ಮೊದಲಿದ್ದ ಜಾಗದಲ್ಲೇ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಚಕ್ರಕ್ಕೆ ಅದೇ ಕಲ್ಲು ಕೊಟ್ಟು, ಕೆಳಗೆ ಅದೇ ಪಡ್ಡು ಕಾವಲಿ ಇಟ್ಟ. (ಆ ಕಾವಲಿ ಈಗ ಸ್ಕೂಟರಿನ ಆಸ್ತಿ. ಅಡುಗೆಮನೆಗೆ ಅದಕ್ಕೆ ಪ್ರವೇಶವಿಲ್ಲ.)

ನಾವು ಕಟ್ಟೆಯ ಮೇಲೆ ಕೂತು ಕಾದೆವು. ಕಾಯುತ್ತಾ ಕೂತಾಗ ನನಗೆ ನಮ್ಮ ಮೆಡಿಕಲ್ ಶಾಪಿಗೆ ಬರುವವರು ನೆನಪಾದರು. “ರಾತ್ರಿಯೆಲ್ಲ ಕೆಮ್ಮು ಮೇಡಂ, ಡಾಕ್ಟರ ಮುಂದೆ ಕೂತ್ರೆ ಒಂದು ಕೆಮ್ಮೂ ಬರಲ್ಲ,” ಎಂದು ಎಷ್ಟು ಜನ ಗೋಳಾಡುವುದಿಲ್ಲ! ಡಾಕ್ಟರ ಕುರ್ಚಿ ಮಟ್ಟವಾದ ನೆಲದಲ್ಲಿರುತ್ತದೆ. ಕೆಮ್ಮು ಬರುವುದು ಮನೆಯಲ್ಲಿ, ಒಲೆಯ ಹೊಗೆಯ ಪಕ್ಕದಲ್ಲಿ, ತೇವದ ಕಂಬಳಿಯೊಳಗೆ. ಮಿಕ್ಸಿ ಮನೆಯಲ್ಲಿ ಗೊರಗೊರ ಎನ್ನುತ್ತದೆ, ರಿಪೇರಿ ಅಂಗಡಿಯಲ್ಲಿ ಮುತ್ತಿನಂತೆ ತಿರುಗುತ್ತದೆ. ಹಾಗೆಂದು ಮಿಕ್ಸಿಯೂ ಸುಳ್ಳು ಹೇಳುತ್ತಿಲ್ಲ, ಅದನ್ನು ಹೊತ್ತು ತಂದವಳೂ ಸುಳ್ಳು ಹೇಳುತ್ತಿಲ್ಲ. ನಾವು ಪರೀಕ್ಷೆ ಮಾಡುವುದು ಒಂದು ಕಡೆ, ಬದುಕುವುದು ಇನ್ನೊಂದು ಕಡೆ. ಕೊಡಗಿನಲ್ಲಂತೂ ಮಟ್ಟವಾದ ಜಾಗ ಎನ್ನುವುದು ಇರುವುದೇ ಫುಟ್‌ಬಾಲ್ ಗ್ರೌಂಡಿನಲ್ಲಿ ಮತ್ತು ಶಮೀರನ ಅಂಗಡಿಯಲ್ಲಿ!

ಇನ್ನೂ ಒಂದು ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅತ್ತೆಗೆ ಜ್ವರ ಬಂದಿರದಿದ್ದರೆ ಅವರ ಮಾತನ್ನು ಮೊದಲ ದಿನವೇ ನಂಬುತ್ತಿದ್ದೆವಲ್ಲವೇ? ಒಮ್ಮೆ ಕೆಟ್ಟು ಸರಿಯಾದ ಸ್ಕೂಟರನ್ನು ಮತ್ತೆ ನಂಬಿ ಹತ್ತುತ್ತೇವೆ. ಒಮ್ಮೆ ಕೆಟ್ಟು ಸರಿಯಾದ ಮನುಷ್ಯರ ವಿಷಯದಲ್ಲಿ ಮಾತ್ರ ಯಾಕೆ ಇಷ್ಟು ಜಿಪುಣತನ?

ಕಾವಲಿಯ ಎಲ್ಲ ಗುಳಿಗಳೂ ಒಣಗಿಕೊಂಡಿದ್ದವು. ಶಮೀರ್ ಬೆರಳಾಡಿಸಿ ನೋಡಿ, “ಓಕೆ,” ಎಂದ. ಅತ್ತೆ ಅವನ ಮಾತಿಗೆ ತಲೆಯಾಡಿಸದೆ, ತಾವೇ ಹೋಗಿ, ಸೊಂಟ ಹಿಡಿದುಕೊಂಡು ಬಗ್ಗಿ, ಮೂಸಿದರು. ಇನ್ನೊಮ್ಮೆ ಮೂಸಿದರು. ಎದ್ದು ನಿಂತರು.

“ಇಲ್ಲ,” ಎಂದರು.

ವರ್ಕ್‌ಶಾಪಿನಲ್ಲಿ ಹೇಳಿದ್ದೂ ಅದೇ ಮಾತು. ಆದರೆ ಈಗ ಹೇಳಿದ ದನಿಯೇ ಬೇರೆ.

ಶಮೀರ್ ಹೊರಡಲು ಎದ್ದ. ಅತ್ತೆ, “ಕೂತ್ಕೊಳೊ, ಕಾಫಿ ಕುಡ್ಕೊಂಡ್ ಹೋಗು,” ಎಂದರು. ನಾನು ಅಡುಗೆಮನೆಗೆ ಹೋಗಿ ಪ್ಯಾಕೆಟ್ ಕೈಗೆ ತೆಗೆದುಕೊಂಡೆ. ಹಿಂದೆಯೇ ಬಂದ ಅತ್ತೆ ಅದನ್ನು ನನ್ನ ಕೈಯಿಂದ ತೆಗೆದು ಮೂಲೆಗಿಟ್ಟರು. “ಅಟ್ಟದ ಮೇಲಿಂದ ಡಬ್ಬಿ ಇಳ್ಸೆ. ನಂಗೆ ಎಟಕಲ್ಲ.”

ಇಳಿಸಿಕೊಟ್ಟೆ. ಬೇಗ ಬೇಗ ಇಳಿಸಿಕೊಟ್ಟೆ, ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂದು.

ಸ್ಕೂಟರ್ ಮನೆಯ ಆ ಬದಿ, ಹಿಂದಿನ ಚಾವಡಿ ಈ ಬದಿ. ಮೂರು ಕಲ್ಲಿನ ಒಲೆಗೆ ಬೆಂಕಿ ಬಿತ್ತು. ಅತ್ತೆ ಮಣೆಯ ಮೇಲೆ ಕೂತರು. ಉರುಳೆ ತಿರುಗತೊಡಗಿತು, ಒಳಗೆ ಬೀಜ ಗಲಗಲ ಎಂದಿತು. ಶಮೀರ್ ಏನೋ ಕೇಳಲು ಬಾಯಿ ತೆರೆದ. ನಾನು ಬೇಡ ಎಂದು ಸನ್ನೆ ಮಾಡಿದೆ. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಕಡಲೆ ಹುರಿದ ವಾಸನೆ. ಕಟ್ಟಿಕೊಂಡಿದ್ದ ನನ್ನ ಮೂಗಿಗೂ ಅದು ಸಣ್ಣಗೆ ತಾಗಿತು. ಅತ್ತೆ ಕತ್ತು ಓರೆ ಮಾಡಿದರು. ಕಣ್ಣು ಮುಚ್ಚಿದರು. ಆಮೇಲೆ ಆ ಇನ್ನೊಂದು ವಾಸನೆ ಬಂದಿರಬೇಕು. ಡಬ್ಬಿಯನ್ನು ಸರಕ್ಕನೆ ಇಳಿಸಿ ಬೀಜವನ್ನು ಮೊರಕ್ಕೆ ಸುರಿದರು.

ಅದರ ಬಣ್ಣ ಹೇಗಿತ್ತು ಎಂದು ಬರೆದು ನಿಮ್ಮ ಹೊಟ್ಟೆ ಉರಿಸುವುದಿಲ್ಲ. ಶಮೀರ್ ಎರಡು ಲೋಟ ಕುಡಿದ. ನಾನು ಎಷ್ಟು ಕುಡಿದೆ ಎಂದು ಹೇಳುವುದಿಲ್ಲ.

ಪಿಕಿಂಗ್ ತೂಕ ಮುಗಿಸಿ ನಮ್ಮವರು ಬರುವಷ್ಟರಲ್ಲಿ ಶಮೀರ್ ಹೋಗಿಯಾಗಿತ್ತು, ಅತ್ತೆ ಎರಡನೆಯ ಸಲಕ್ಕೆ ಬೀಜ ತುಂಬಿ ತಿರುಗಿಸುತ್ತಿದ್ದರು. ನಮ್ಮವರು ಲೋಟ ಕೈಗೆತ್ತಿಕೊಂಡು, ಒಂದು ಗುಟುಕು ಕುಡಿದು, ಅಬ್ಬಾ ಎಂದು ಉಸಿರುಬಿಟ್ಟರು. ಹಾಗೇ ಲೋಟ ಹಿಡಿದುಕೊಂಡು ಸ್ಕೂಟರ್ ಹತ್ತಿರ ಹೋದರು. ಅದರ ಸುತ್ತ ಒಂದು ಸುತ್ತು ಹಾಕಿದರು. ಬಗ್ಗಿ, ದೊಡ್ಡ ಎಕ್ಸ್‌ಪರ್ಟ್ ಥರ, ಉದ್ದಕ್ಕೆ ಉಸಿರೆಳೆದುಕೊಂಡು ಮೂಸಿದರು. ವಾಪಸ್ ಬಂದು ಚಾವಡಿಯ ಕಂಬಕ್ಕೆ ಒರಗಿ ನಿಂತು, “ಹಾಂ, ಈಗ ನೋಡವ್ವಾ, ಆ ಪೆಟ್ರೋಲ್ ವಾಸ್ನೆ ಪೂರ್ತಿ ಹೋಯ್ತು,” ಎಂದು ಸರ್ಟಿಫಿಕೇಟ್ ಕೊಟ್ಟರು.

ಅತ್ತೆ ಉರುಳೆ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ತಲೆಯನ್ನೂ ಎತ್ತಲಿಲ್ಲ.

“ಬಂದಿದ್ದೇ ಗೊತ್ತಾಗ್ದೆ ಇದ್ದೋನಿಗೆ, ಹೋಗಿದ್ದು ಹೆಂಗ್ಲಾ ಗೊತ್ತಾಯ್ತು?”